ಹದಿಮೂರು ಮತಗಳ ಮಸೂದೆ

ಗೋಪಾಲಕೃಷ್ಣ ಗೋಖಲೆಯವರು 1911ರ ಮಾರ್ಚ್ 16ರಂದು ಇಂಪೀರಿಯಲ್ ಶಾಸನ ಸಭೆಯಲ್ಲಿ, ಎಂದರೆ ವೈಸರಾಯರು ಅಧ್ಯಕ್ಷರಾಗಿದ್ದು ಸರ್ಕಾರಿ ಸದಸ್ಯರಿಗೇ ಬಹುಮತವಿದ್ದ ಸಭೆಯಲ್ಲಿ, ಮಂಡಿಸಿದ ಪ್ರಾಥಮಿಕ ಶಿಕ್ಷಣ ಮಸೂದೆಯು ‘ಕಡ್ಡಾಯ ಶಿಕ್ಷಣದ ಮಸೂದೆ’ ಎಂದೇ ಪ್ರಸಿದ್ಧವಾಯಿತಾದರೂ ಅದರ ಕಲಮುಗಳಲ್ಲಿ ಕಡ್ಡಾಯಕ್ಕಿಂತ ಎಚ್ಚರಿಕೆಯೇ ಹೆಚ್ಚಾಗಿತ್ತು. ಹಿಂದಿನ ವರ್ಷ ಇದೇ ವಿಷಯದ ಮೇಲೆ ಠರಾವೊಂದನ್ನು ತಂದು, ಸರ್ಕಾರದ ಭರವಸೆಯ ಮೇಲೆ ಹಿಂತೆಗೆದುಕೊಂಡಿದ್ದ ಗೋಖಲೆಯವರಿಗೆ ತಾವು ಎದುರಿಸಬೇಕಾದ ಆಕ್ಷೇಪಗಳೆಲ್ಲ ಮೊದಲೇ ತಿಳಿದಿದ್ದವು; ಮಸೂದೆಯ ಒಂದೊಂದು ಕಲಮೂ ಅಂಥ ಒಂದೊಂದು ಆಕ್ಷೇಪಕ್ಕೆ ಮುಂಚಿತವಾಗಿಯೇ ಕೊಟ್ಟ ಉತ್ತರದಂತಿದೆ.

ಕಡ್ಡಾಯವನ್ನು ಜಾರಿಗೆ ತರುವ ಅಧಿಕಾರವನ್ನು ಮಸೂದೆಯು ಪುರಸಭೆ ಮತ್ತು ಜಿಲ್ಲಾ ಬೋರ್ಡುಗಳಿಗೆ ಬಿಟ್ಟಿತ್ತು. ಅದೂ ಆ ಪ್ರದೇಶದ ಮಕ್ಕಳಲ್ಲಿ ಗೊತ್ತುಪಡಿಸಿದಷ್ಟು ಪಾಲು ಆಗಲೇ ಶಾಲೆಗೆ ಹೋಗುತ್ತಿದ್ದು, ಸರ್ಕಾರದ ಮಂಜೂರಾತಿ ದೊರೆತರೆ ಮಾತ್ರ. ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ ಮೊದಲು ಅನ್ವಯಿಸಿ, ಹೆಣ್ಣುಮಕ್ಕಳ ವಿಷಯವನ್ನು ಮುಂದಿನ ದಿನಗಳಿಗೆ ಬಿಟ್ಟದ್ದು ಇಂದಿನ ಓದುಗರಿಗೆ ಕೊರತೆಯಾಗಿಯೇ ಕಾಣುತ್ತದೆ. ತಿಂಗಳಿಗೆ 10 ರೂಪಾಯಿಗಿಂತ ಹೆಚ್ಚು ಆದಾಯವಿಲ್ಲದ ತಂದೆತಾಯಿಗಳಿಗೆ ಫೀಜಿನಿಂದ ವಿನಾಯಿತಿಯಿತ್ತು. ಸ್ಥಳೀಯ ಸಂಸ್ಥೆಗಳು ಶಿಕ್ಷಣಕ್ಕೆಂದೇ ಪ್ರತ್ಯೇಕ ಕರ, ಅಂದರೆ ಸೆಸ್, ವಿಧಿಸಬಹುದಿತ್ತು. ಖರ್ಚಿನ ಮೂರರಲ್ಲಿ ಎರಡು ಪಾಲನ್ನು ಸರ್ಕಾರವೇ ಹೊರಬೇಕೆಂಬುದು ಗೋಖಲೆಯವರ ನಿಲುವಾಗಿತ್ತು. ಮಸೂದೆಯ ನಿಜವಾದ ಒತ್ತಾಯ ಬಿದ್ದದ್ದು ರೈತನ ಮೇಲಲ್ಲ, ಖಜಾನೆಯ ಮೇಲೆ.

ಬರೋಡೆಯಲ್ಲಿ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿ ತಾಲ್ಲೂಕಿನಿಂದ ಆರಂಭಿಸಿ 1906ರ ವೇಳೆಗೆ ಇಡೀ ಸಂಸ್ಥಾನಕ್ಕೆ ಕಡ್ಡಾಯ ಶಿಕ್ಷಣವನ್ನು ವಿಸ್ತರಿಸಿದ್ದರಿಂದ, ಇದು ಹಿಂದೂಸ್ಥಾನದ ಮಣ್ಣಿಗೆ ಒಗ್ಗದ ಯೋಜನೆಯೆಂದು ವಾದಿಸುವುದು ಸುಲಭವಾಗಿರಲಿಲ್ಲ. ಅಭಿಪ್ರಾಯ ಸಂಗ್ರಹಕ್ಕಾಗಿ ಸುತ್ತಿ ಬಂದ ಮಸೂದೆ 1912ರ ಮಾರ್ಚ್‌ನಲ್ಲಿ ಚರ್ಚೆಗೆ ಬಂದಾಗ ಶಿಕ್ಷಣ ಖಾತೆಯ ಹಾರ್ಕೋರ್ಟ್ ಬಟ್ಲರ್ ಅವರು, ಜನರಿಂದ ಬೇಡಿಕೆಯಿಲ್ಲ, ಪ್ರಾಂತೀಯ ಸರ್ಕಾರಗಳು ಒಪ್ಪುತ್ತಿಲ್ಲ, ಐಚ್ಛಿಕ ಶಿಕ್ಷಣವನ್ನು ವಿಸ್ತರಿಸಲು ಇನ್ನೂ ಅವಕಾಶವಿದೆ ಎಂದು ವಿರೋಧಿಸಿದರು. ನೂರಕ್ಕೆ ಆರರಷ್ಟು ಜನ ಮಾತ್ರ ಅಕ್ಷರ ಬಲ್ಲ ನಾಡಿನಲ್ಲಿ ಶಾಲೆಗಾಗಿ ಅರ್ಜಿ ಬರಲಿಲ್ಲವೆಂದು ಹೇಳುವುದು, ಬಾಯಾರಿದವನು ಬಾವಿಯ ನಕ್ಷೆ ತಂದಿಲ್ಲವೆಂದು ದೂರಿದಂತೆ. ಮುಹಮ್ಮದ್ ಅಲಿ ಜಿನ್ನಾ, ಮದನಮೋಹನ ಮಾಳವೀಯರಂಥವರ ಬೆಂಬಲವಿದ್ದೂ ಮಸೂದೆ 38ಕ್ಕೆ 13 ಮತಗಳಿಂದ ಬಿದ್ದುಹೋಯಿತು. ಸೋಲು ಖಚಿತವೆಂದು ತಿಳಿದೇ ಮಾತನಾಡಿದ ಗೋಖಲೆಯವರು, ತಮ್ಮ ತಲೆಮಾರಿನವರು ವೈಫಲ್ಯಗಳ ಮೂಲಕವೇ ದೇಶಸೇವೆ ಮಾಡಬೇಕಾಗಿದೆಯೆಂಬ ಅರ್ಥದ ಮಾತನ್ನು ಸಭೆಯಲ್ಲಿ ಆಡಿದ್ದರು.

ಮರುವರ್ಷವೇ ಮೈಸೂರು ಸಂಸ್ಥಾನದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಪ್ರಾಥಮಿಕ ಶಿಕ್ಷಣ ರೆಗ್ಯುಲೇಷನ್ (ಸಂಸ್ಥಾನದ ಕಾಯಿದೆಗಳಿಗೆ ಅಂದು ಇದ್ದ ಹೆಸರು) ಹೊರಬಂದು, ಆಯ್ದ ಸ್ಥಳಗಳಲ್ಲಿ ಕಡ್ಡಾಯಕ್ಕೆ ದಾರಿಯಾಯಿತು. ಧಾರವಾಡ, ಬೆಳಗಾವಿ, ವಿಜಾಪುರಗಳನ್ನೊಳಗೊಂಡಿದ್ದ ಮುಂಬಯಿ ಪ್ರಾಂತದಲ್ಲಾದರೋ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ 1918ರಲ್ಲಿ ಇಂಥದೇ ಕಾಯಿದೆ ಅಂಗೀಕಾರವಾಯಿತು. ಗೋಖಲೆಯವರು ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ಆ ಕಾಯಿದೆಯೂ ಪುರಸಭೆಗಳಿಗೆ ಅಧಿಕಾರವನ್ನಷ್ಟೇ ಕೊಟ್ಟು ಹಳ್ಳಿಗಳನ್ನು ಹೊರಗೇ ಬಿಟ್ಟಿತ್ತು.