ಮಳೆಗಾಲದ ದೋಣಿ ಎಂಜಿನ್ ಸಂರಕ್ಷಣೆ

ಮಳೆಗಾಲದ ದೋಣಿ ಎಂಜಿನ್ ಸಂರಕ್ಷಣೆ ಎಂದರೆ ಮುಂಗಾರಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಕಡಲಿಗಿಳಿಯದ ದೋಣಿಗಳ ಎಂಜಿನ್‌ಗಳನ್ನು ಉಪ್ಪು, ತೇವ ಮತ್ತು ತುಕ್ಕಿನಿಂದ ಕೆಡದಂತೆ ಸಿದ್ಧಪಡಿಸಿ ಇರಿಸುವ ಕ್ರಮ. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳ ಮೀನುಗಾರಿಕಾ ಬಂದರುಗಳಲ್ಲಿ ಈ ಕೆಲಸ ಮುಖ್ಯವಾಗಿ ಮೇ ತಿಂಗಳ ಕೊನೆಯಲ್ಲಿ ಆರಂಭವಾಗುತ್ತದೆ. ಶೀತ ದೇಶಗಳಲ್ಲಿ ದೋಣಿಗಳನ್ನು ಚಳಿಗಾಲಕ್ಕೆ ಮುನ್ನ ದಡಕ್ಕೆ ಎಳೆಯುವ ಪದ್ಧತಿಗೆ ಇದು ಸಮಾನವಾದರೂ ಇಲ್ಲಿನ ಕಾರಣಗಳು ಬೇರೆ.

ಹಿನ್ನೆಲೆ

ರಂಪಣಿ ಬಲೆಯ ಕಾಲದಲ್ಲಿ ಇಲ್ಲಿನ ಮೀನುಗಾರಿಕೆ ಹುಟ್ಟು ಮತ್ತು ಹಾಯಿಯನ್ನೇ ಅವಲಂಬಿಸಿತ್ತು. ಮಳೆಗಾಲಕ್ಕೆ ಜೋಪಾನ ಮಾಡಬೇಕಾದದ್ದು ಮರದ ದೋಣಿ ಮತ್ತು ಬಲೆ ಮಾತ್ರ. ಕೇರಳದಲ್ಲಿ ಆರಂಭಗೊಂಡ ಭಾರತ-ನಾರ್ವೆ ಮೀನುಗಾರಿಕಾ ಯೋಜನೆಯು 1960ರ ದಶಕದಲ್ಲಿ ಕಾರವಾರಕ್ಕೂ ವಿಸ್ತರಿಸಿತು. ಮುಂದೆ ಟ್ರಾಲ್ ಮತ್ತು ಪರ್ಸೀನ್ ಬೋಟುಗಳು ಬಂದಂತೆ ಎಂಜಿನ್ ಎಂಬುದು ಮೀನುಗಾರ ಕುಟುಂಬದ ಅತಿ ದೊಡ್ಡ ಬಂಡವಾಳಗಳಲ್ಲಿ ಒಂದಾಯಿತು. ಅನೇಕರ ಪಾಲಿಗೆ ಅದು ಸಾಲದ ಮೇಲೆ ನಿಂತ ಬಂಡವಾಳ.

1986ರ ಕರ್ನಾಟಕ ಸಮುದ್ರ ಮೀನುಗಾರಿಕೆ (ನಿಯಂತ್ರಣ) ಕಾಯ್ದೆಯ ಅಡಿಯಲ್ಲಿ ಮೀನುಗಳ ಸಂತಾನಾಭಿವೃದ್ಧಿಯ ಕಾಲದಲ್ಲಿ ಯಾಂತ್ರೀಕೃತ ಮೀನುಗಾರಿಕೆಯನ್ನು ನಿಷೇಧಿಸಲಾಗುತ್ತದೆ. ಈಗ ಪಶ್ಚಿಮ ಕರಾವಳಿಯಲ್ಲಿ ಈ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ರಾಜ್ಯದಲ್ಲಿ ವಿನಾಯಿತಿ ಇದೆ. ಹೀಗಾಗಿ ಸಣ್ಣ ಎಂಜಿನ್‌ಗಳಿಗೆ ಪೂರ್ಣ ವಿಶ್ರಾಂತಿಯೂ ಇಲ್ಲ, ನಿತ್ಯದ ದುಡಿಮೆಯೂ ಇಲ್ಲ. ಕಡಲು ಶಾಂತವಾದ ದಿನ ಹೊರಟು, ಉಳಿದ ದಿನ ಮೂಲೆಯಲ್ಲಿ ಕೂರುತ್ತವೆ. ಸಂರಕ್ಷಣೆಯಲ್ಲಿ ಹೆಚ್ಚಾಗಿ ಅಲಕ್ಷ್ಯಕ್ಕೆ ಒಳಗಾಗುವುದೂ ಇವೇ.

ಎಂಜಿನ್ ಕೆಡುವ ಬಗೆ

ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಶೀತ ದೇಶಗಳಲ್ಲಿ ಎಂಜಿನ್ನಿನೊಳಗೆ ಉಳಿದ ನೀರು ಹೀಗೆ ಹಿಗ್ಗಿ ಎರಕದ ಭಾಗಗಳನ್ನೇ ಸೀಳುವುದುಂಟು. ಕರಾವಳಿ ಕರ್ನಾಟಕದಲ್ಲಿ ಆ ಭಯವಿಲ್ಲ. ಇಲ್ಲಿ ಹಾನಿ ನಿಧಾನವಾಗಿ, ಕಣ್ಣಿಗೆ ಬೀಳದಂತೆ ನಡೆಯುತ್ತದೆ. ಹೊನ್ನಾವರದ ಸುತ್ತಲಿನ ವಾರ್ಷಿಕ ಮಳೆ 3000 ಮಿಲಿಮೀಟರಿಗೂ ಹೆಚ್ಚು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇಕಡಾ 75ನ್ನು ದಾಟಿದಾಗ ಉಪ್ಪು ಗಾಳಿಯಿಂದಲೇ ನೀರನ್ನು ಹೀರಿ ಕರಗತೊಡಗುತ್ತದೆ. ಅಡುಗೆಮನೆಯ ಉಪ್ಪಿನ ಭರಣಿ ಮಳೆಗಾಲದಲ್ಲಿ ನೀರೊಡೆಯುವುದು ಇದೇ ಕಾರಣಕ್ಕೆ. ಎಂಜಿನ್ನಿನ ಮೈಮೇಲೆ ಹಾಗೂ ತಂಪುಗೊಳಿಸುವ ಕೊಳವೆಗಳಲ್ಲಿ ಉಳಿದ ಉಪ್ಪಿನ ಪದರವೂ ಹೀಗೆಯೇ ಸದಾ ಒದ್ದೆಯಾಗಿದ್ದು, ಮಳೆಹನಿ ತಾಗದಿದ್ದರೂ ಲೋಹವನ್ನು ತಿನ್ನುತ್ತಿರುತ್ತದೆ. ಆದ್ದರಿಂದ ಮೇಲೆ ತಾಡಪಾಲು ಹೊದಿಸಿದರೆ ಸಾಕೆಂಬ ತಿಳಿವಳಿಕೆ ಸರಿಯಲ್ಲ. ಮೊದಲು ಉಪ್ಪನ್ನು ತೊಳೆಯಬೇಕು, ಆಮೇಲೆ ಹೊದಿಸಬೇಕು.

ಬೋಟಿನ ಡೀಸೆಲ್ ಎಂಜಿನ್

ಮಾವಿನಕುರ್ವೆ, ಕಾಸರಕೋಡ, ತದಡಿ ಮುಂತಾದ ಬಂದರುಗಳ ಬೋಟುಗಳಲ್ಲಿ ಎಂಜಿನ್ ಒಡಲಿನೊಳಗೇ ಸ್ಥಿರವಾಗಿರುವುದರಿಂದ ಸಂರಕ್ಷಣೆ ಬೋಟಿನಲ್ಲೇ ನಡೆಯಬೇಕು. ಮೊದಲ ಕೆಲಸ ಎಣ್ಣೆ ಬದಲಾವಣೆ. ಹಳೆಯ ಎಂಜಿನ್ ಆಯಿಲ್‌ನಲ್ಲಿ ಇಂಧನ ಉರಿದು ಉಂಟಾದ ಆಮ್ಲಾಂಶ, ಮಸಿ ಮತ್ತು ನೀರು ಸೇರಿರುತ್ತವೆ. ಎರಡು ತಿಂಗಳು ಅದರಲ್ಲೇ ನೆನೆದ ಬೇರಿಂಗುಗಳ ಹೊಳಪು ಹೋಗಿ ಗುಳಿ ಬೀಳುವ ಸಂಭವವಿದೆ. ಎಂಜಿನ್ ಬಿಸಿಯಾಗಿರುವಾಗಲೇ ಹಳೆಯ ಎಣ್ಣೆಯನ್ನು ಇಳಿಸಿ, ಫಿಲ್ಟರ್ ಬದಲಿಸಿ, ಹೊಸ ಎಣ್ಣೆ ತುಂಬಿ ಕೆಲವು ನಿಮಿಷ ನಡೆಸಿದರೆ ಅದು ಎಲ್ಲ ಭಾಗಗಳಿಗೂ ತಲುಪುತ್ತದೆ. ಖರ್ಚು ಉಳಿಸಲು ಇದನ್ನು ಜುಲೈ ಕೊನೆಗೆ ಮುಂದೂಡುವ ರೂಢಿ ಹಲವರಲ್ಲಿದೆ; ಎಣ್ಣೆಯ ಬೆಲೆ ಉಳಿದಂತೆ ಕಂಡರೂ ಬೇರಿಂಗಿನ ಆಯುಷ್ಯ ಕಡಿಮೆಯಾಗುತ್ತದೆ. ಗೇರ್‌ಬಾಕ್ಸಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ; ಎಣ್ಣೆ ಬದಲಿಸಿದರೆ ಸಾಲದು, ನೀರು ಬಂದ ದಾರಿಯನ್ನೂ ಹುಡುಕಬೇಕು.

ಉಪ್ಪುನೀರು ಹರಿಯುವ ಕೊಳವೆಗಳನ್ನು ಸಿಹಿನೀರಿನಿಂದ ತೊಳೆದು, ಕೆಳಗಿನ ನಲ್ಲಿಗಳನ್ನು ತೆರೆದು ಖಾಲಿ ಮಾಡಬೇಕು. ನಲ್ಲಿ ತೆರೆದರೂ ನೀರು ಬಾರದಿದ್ದರೆ ಖಾಲಿಯಾಗಿದೆ ಎಂದು ಭಾವಿಸಬಾರದು. ಹಲವು ಸಲ ಕೆಸರು ಅಥವಾ ತುಕ್ಕಿನ ಚಕ್ಕೆ ಬಾಯಿಗೆ ಅಡ್ಡ ಬಂದಿರುತ್ತದೆ. ತಂತಿ ಹಾಕಿ ಚುಚ್ಚಿದಾಗ ನೀರು ಹೊರಬೀಳುತ್ತದೆ. ಮುಚ್ಚಿದ ಸುತ್ತಿನ ಕೂಲೆಂಟ್ ಇರುವ ಎಂಜಿನ್‌ಗಳಲ್ಲಿ ಅದನ್ನು ಖಾಲಿ ಮಾಡಬಾರದು, ತುಕ್ಕುನಿರೋಧಕ ಅದರಲ್ಲೇ ಇರುತ್ತದೆ.

ಅತಿ ದುಬಾರಿ ತಪ್ಪು ನಡೆಯುವುದು ಹೊಗೆಕೊಳವೆಯಲ್ಲಿ. ಮೇಲ್ಮುಖವಾಗಿ ತೆರೆದ ಕೊಳವೆಯ ಮೂಲಕ ಮಳೆನೀರು ಇಳಿದು, ತೆರೆದಿರುವ ವಾಲ್ವಿನ ದಾರಿಯಾಗಿ ಸಿಲಿಂಡರನ್ನು ಸೇರಬಹುದು. ನೀರು ಗಾಳಿಯಂತೆ ಅದುಮಿಕೊಳ್ಳುವುದಿಲ್ಲ. ಆಗಸ್ಟ್‌ನಲ್ಲಿ ಒಮ್ಮೆಲೇ ಸ್ಟಾರ್ಟರ್ ಒತ್ತಿದಾಗ ಪಿಸ್ಟನ್ ಆ ನೀರಿಗೆ ಬಡಿದು ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಕೊಳವೆಯ ಬಾಯಿಗೆ ಒಂದು ತಗಡಿನ ಡಬ್ಬಿ ಕವುಚಿ ಬಿಗಿದು ಕಟ್ಟಿದ್ದರೆ ಈ ನಷ್ಟ ಬರುವುದಿಲ್ಲ. ಗಾಳಿ ಒಳಸೇರುವ ಬಾಯಿಯನ್ನೂ ಹೀಗೆಯೇ ಮುಚ್ಚುತ್ತಾರೆ.

ಡೀಸೆಲ್ ಟ್ಯಾಂಕಿನ ವಿಷಯದಲ್ಲಿ ಒಮ್ಮತವಿಲ್ಲ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವಿಲ್ಲದ ಕಾರಣ ಒಳಗೆ ಹನಿಗಟ್ಟುವ ನೀರು ಕಡಿಮೆ; ಆದರೆ ಕಾವಲಿಲ್ಲದ ಬೋಟಿನಲ್ಲಿ ಕಳವಿನ ಮತ್ತು ಬೆಂಕಿಯ ಭಯವಿದೆ. ಅರ್ಧ ತುಂಬಿದ ಟ್ಯಾಂಕಂತೂ ಒಳ್ಳೆಯದಲ್ಲ. ಡೀಸೆಲ್ ಮತ್ತು ನೀರು ಕೂಡುವ ಮಟ್ಟದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಗಟ್ಟಿ ಫಿಲ್ಟರನ್ನು ಮುಚ್ಚುತ್ತವೆ. ನೀರು ಬೇರ್ಪಡಿಸುವ ಬಟ್ಟಲನ್ನು ಹೇಗಿದ್ದರೂ ಖಾಲಿ ಮಾಡಿಡಬೇಕು.

ಬ್ಯಾಟರಿಯನ್ನು ಪೂರ್ಣ ಚಾರ್ಜ್ ಮಾಡಿ, ಋಣ ತಂತಿಯನ್ನು ಮೊದಲು ಕಳಚಿ, ಮನೆಯ ಒಣ ಜಾಗದಲ್ಲಿರಿಸಿ ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡುವುದು ಕ್ರಮ. ವಾರಕ್ಕೊಮ್ಮೆಯಾದರೂ ಇಂಧನ ತಡೆದು ಎಂಜಿನ್ನನ್ನು ಕೈಯಿಂದ ಒಂದೆರಡು ಸುತ್ತು ತಿರುಗಿಸಿದರೆ ಪಿಸ್ಟನ್ ರಿಂಗುಗಳು ಅಂಟಿಕೊಳ್ಳುವುದಿಲ್ಲ.

ನಾಡದೋಣಿಯ ಔಟ್‌ಬೋರ್ಡ್ ಎಂಜಿನ್

ಇವು ಹೆಚ್ಚಾಗಿ ಪೆಟ್ರೋಲಿನಿಂದ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್‌ಗಳು. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ಬದಲಿಸಿ ಸ್ವಲ್ಪ ಹೊತ್ತು ನಡೆಸದಿದ್ದರೆ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದು ಮುಂದಿನ ಸಲ ಚಾಲೂ ಮಾಡುವುದು ಕಷ್ಟ. ದೀರ್ಘಕಾಲ ಇಡುವುದಾದರೆ ಆ ಪೆಟ್ರೋಲನ್ನೂ ಬಸಿದು ತೆಗೆಯಬೇಕು. ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ತೇವವನ್ನು ಎಳೆದುಕೊಳ್ಳುತ್ತದೆ.

ತೊಳೆಯಲು ಎಂಜಿನ್ನಿನ ಕೆಳಭಾಗವನ್ನು ಬಾವಿಯ ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಬಿಟ್ಟು, ಬಯಲಿನಲ್ಲಿ 10ರಿಂದ 15 ನಿಮಿಷ ನಡೆಸಲಾಗುತ್ತದೆ. ಥರ್ಮೋಸ್ಟಾಟ್ ಇರುವ ಎಂಜಿನ್ನಿನಲ್ಲಿ ಅದು ಬಿಸಿಗೆ ತೆರೆದುಕೊಂಡ ಮೇಲೆಯೇ ಸಿಹಿನೀರು ಒಳಗೆಲ್ಲ ಹರಿಯುವುದರಿಂದ ಎರಡು ನಿಮಿಷದ ತೊಳೆತ ಪ್ರಯೋಜನವಿಲ್ಲ. ನೀರಿಲ್ಲದೆ ನಡೆಸಿದರೆ ಪಂಪಿನ ರಬ್ಬರ್ ಎಸಳುಗಳು ಅಲ್ಪ ಸಮಯದಲ್ಲೇ ಸುಟ್ಟುಹೋಗುತ್ತವೆ. ಬಳಿಕ ಸ್ಪಾರ್ಕ್ ಪ್ಲಗ್ ಕಳಚಿ ಪ್ರತಿ ಸಿಲಿಂಡರಿಗೆ ಒಂದು ಚಮಚದಷ್ಟು ಎಣ್ಣೆ ಬಿಟ್ಟು, ಹಗ್ಗವನ್ನು ಮೆಲ್ಲಗೆ ನಾಲ್ಕಾರು ಸಲ ಎಳೆದು, ಪ್ಲಗ್ ಮತ್ತೆ ಕೂಡಿಸುತ್ತಾರೆ. ಎಂಜಿನ್ನನ್ನು ಮನೆಯೊಳಗೆ ಮರದ ಕುದುರೆಗೆ ನೆಟ್ಟಗೆ ತೂಗಿಡಬೇಕು. ಅಡ್ಡ ಮಲಗಿಸಿದರೆ ಕೆಳಗಿನ ನೀರು ಸಿಲಿಂಡರಿನತ್ತ ಹರಿಯಬಹುದು.

ತಂಗುವ ಜಾಗ

ಸಣ್ಣ ದೋಣಿಗಳನ್ನು ದಡಕ್ಕೆಳೆದು ಮಡಲಿನ ತಟ್ಟಿ ಅಥವಾ ತಾಡಪಾಲು ಹೊದಿಸುತ್ತಾರೆ. ದೊಡ್ಡ ಬೋಟುಗಳು ಬಹುತೇಕ ಶರಾವತಿ, ಅಘನಾಶಿನಿಗಳ ಅಳಿವೆಯೊಳಗೆ ನೀರಿನಲ್ಲೇ ನಿಲ್ಲುತ್ತವೆ. ಒಡಲಲ್ಲಿ ಸೇರುವ ಮಳೆನೀರನ್ನು ಪಂಪು ಮಾಡದಿದ್ದರೆ ಅದು ಗೇರ್‌ಬಾಕ್ಸಿನ ಮಟ್ಟಕ್ಕೆ ಏರುತ್ತದೆ, ಕೆಲವೊಮ್ಮೆ ಬೋಟೇ ಕುಸಿಯುತ್ತದೆ. ಅದಕ್ಕಾಗಿ ಕಾವಲಿನವರು ಬೇಕು. ಮಳೆಗಾಲದಲ್ಲಿ ಅಳಿವೆಯ ಮೇಲ್ಭಾಗದ ನೀರು ಬಹುಮಟ್ಟಿಗೆ ಸಿಹಿಯಾಗುತ್ತದೆ. ಪ್ರೊಪೆಲ್ಲರ್ ರಕ್ಷಿಸಲು ಹಾಕುವ ಸತುವಿನ ತುಂಡುಗಳು ಉಪ್ಪುನೀರಿನಲ್ಲಿ ಕೆಲಸ ಮಾಡುವಷ್ಟು ಸಿಹಿನೀರಿನಲ್ಲಿ ಮಾಡುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು.

ಇಳಿಸಿದ ಹಳೆಯ ಎಣ್ಣೆಯನ್ನು ಒಡಲ ನೀರಿಗೆ ಚೆಲ್ಲಿದರೆ ಅದು ಪಂಪಿನ ಮೂಲಕ ಹೊಳೆಗೇ ಸೇರುತ್ತದೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕಿ ಬದುಕುವ ಕುಟುಂಬಗಳು ಅನೇಕ. ಬಳಚು ನೀರನ್ನು ಸೋಸಿ ಆಹಾರ ಪಡೆಯುವ ಜೀವಿಯಾದ್ದರಿಂದ ಎಣ್ಣೆಯ ಅಂಶ ಅದರ ಮೈಗೇ ಸೇರುತ್ತದೆ. ಎಣ್ಣೆಯನ್ನು ಕ್ಯಾನಿನಲ್ಲಿ ತುಂಬಿ ಹಳೆಯ ಎಣ್ಣೆ ಕೊಳ್ಳುವವರಿಗೆ ಕೊಡುವುದು ಯೋಗ್ಯ.

ಮತ್ತೆ ಕಡಲಿಗೆ

ಜುಲೈ ಕೊನೆಯಲ್ಲಿ ಮುಚ್ಚಿದ ಬಾಯಿಗಳನ್ನೆಲ್ಲ ತೆರೆದು, ಎಣ್ಣೆಯ ಬಣ್ಣ ನೋಡಿ, ಸ್ಟಾರ್ಟರ್ ಮುಟ್ಟುವ ಮೊದಲು ಎಂಜಿನ್ನನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಲಾಗುತ್ತದೆ. ಎಲ್ಲಿಯಾದರೂ ತಡೆದರೆ ಇಂಜೆಕ್ಟರ್ ಕಳಚಿ ನೀರಿದೆಯೇ ಎಂದು ಪರೀಕ್ಷಿಸಬೇಕು. ಈ ದಿನಗಳಲ್ಲಿ ಎಲ್ಲ ಬೋಟಿನವರಿಗೂ ಏಕಕಾಲಕ್ಕೆ ಮೆಕ್ಯಾನಿಕ್ ಬೇಕಾಗುವುದರಿಂದ, ಮೇ ತಿಂಗಳಲ್ಲಿ ಕೆಲಸ ಮುಗಿಸದವರು ಋತುವಿನ ಮೊದಲ ದಿನಗಳನ್ನು ದಡದಲ್ಲೇ ಕಳೆಯಬೇಕಾಗುತ್ತದೆ.

ನೂಲಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುವ ಪದ್ಧತಿ ಇಲ್ಲಿನ ಮೀನುಗಾರ ಸಮುದಾಯಗಳಲ್ಲಿದೆ. ನಿಷೇಧದ ಕೊನೆ ಮತ್ತು ಹುಣ್ಣಿಮೆ ಎಲ್ಲ ವರ್ಷವೂ ಹೊಂದಿಕೆಯಾಗುವುದಿಲ್ಲ. ಯಾವ ದಿನ ಹೊರಟರೂ ಮೊದಲ ಓಟವನ್ನು ಹೊಳೆಯೊಳಗೇ ಒಂದು ತಾಸು ನಡೆಸಿ ನೋಡುವುದು ಅನುಭವಿಗಳ ರೂಢಿ. ಹೊನ್ನಾವರದ ಅಳಿವೆಯಲ್ಲಿ ಹೂಳು ತುಂಬಿ ಕಾಲುವೆ ಕಿರಿದಾಗಿರುವಾಗ, ತೆರೆ ಒಡೆಯುವ ಜಾಗದಲ್ಲಿ ಎಂಜಿನ್ ನಿಂತರೆ ಬೋಟು ಅಡ್ಡ ತಿರುಗಿ ಮಗುಚುವ ಅಪಾಯವಿದೆ.