ಅಲೇಸಿಯಾದ ಕೋಟೆಯ ಹೊರಗೆ: ಲ್ಯಾಟಿನ್ ಅಭ್ಯಾಸದಲ್ಲಿ ಸೀಸರನ ಯುದ್ಧಗದ್ಯ

ಉನ್ನತ ವ್ಯಾಸಂಗಕ್ಕೆ ಅಗತ್ಯವಾದ ಲ್ಯಾಟಿನ್ ಪರೀಕ್ಷೆಗೆ ಸಿದ್ಧರಾಗುವ ಗುರುಅಭ್ಯರ್ಥಿಗಳ ಕೈಗೆ ಅನೇಕ ವೇಳೆ ಮೊದಲು ಬರುವುದು ಶುಭಸಂದೇಶವಲ್ಲ, ಸಂತ ಅಗಸ್ಟೀನರ ಕೃತಿಯೂ ಅಲ್ಲ; ಜೂಲಿಯಸ್ ಸೀಸರನು ಬರೆದ ಗಾಲ್ ಯುದ್ಧದ ವೃತ್ತಾಂತ. ನಾಳೆ ಬಲಿಪೀಠದ ಮುಂದೆ ನಿಂತು ಶಾಂತಿಯನ್ನು ಸಾರಬೇಕಾದವನು ಇಂದು ಮುತ್ತಿಗೆ, ಒತ್ತೆಯಾಳು, ಸುಟ್ಟ ಊರುಗಳ ಕಥನವನ್ನು ಪದಪದವಾಗಿ ಬಿಡಿಸಿ ಓದುತ್ತಾನೆ. ಈ ಅಭ್ಯಾಸ ಹೇಗೆ ಬೆಳೆದುಬಂದಿತು, ಅದನ್ನು ಯಾವ ಮನಸ್ಸಿನಿಂದ ಮುಂದುವರಿಸಬೇಕು ಎಂಬುದು ವಿಚಾರಾರ್ಹ.

ಯೇಸುಸಭೆಯು 1599ರಲ್ಲಿ ಹೊರತಂದ ‘ರಾತ್ಸಿಯೊ ಸ್ತುದಿಯೋರುಮ್’ ಎಂಬ ಶಿಕ್ಷಣಕ್ರಮವು ಮಾನವಿಕ ತರಗತಿಯಲ್ಲಿ ಓದಬೇಕಾದ ಇತಿಹಾಸಕಾರರೆಂದು ಸೀಸರ್, ಸಾಲಸ್ಟ್, ಲಿವಿ ಮತ್ತು ಕರ್ಟಿಯಸ್‌ರನ್ನು ಹೆಸರಿಸುತ್ತದೆ. ನಾಲ್ವರ ಬರವಣಿಗೆಯಲ್ಲೂ ಯುದ್ಧಕ್ಕೆ ದೊಡ್ಡ ಪಾಲಿದೆ. 1962ರಲ್ಲಿ ಜಗದ್ಗುರು 23ನೆಯ ಜಾನ್ ಅವರು ‘ವೇತೆರುಮ್ ಸಪಿಯೆಂತ್ಸಿಯಾ’ ಮೂಲಕ ಲ್ಯಾಟಿನ್ ಅಧ್ಯಯನವನ್ನು ಎತ್ತಿಹಿಡಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ, ಧರ್ಮಸಭೆಯ ಮೂಲ ದಾಖಲೆಗಳನ್ನು ಅರಿಯಲು ಬೇಕಾಗುವಷ್ಟು ಲ್ಯಾಟಿನ್ ಜ್ಞಾನವನ್ನು ಗುರುಅಭ್ಯರ್ಥಿಗಳು ಪಡೆಯಬೇಕೆಂದು ಹೇಳಿತು. 1983ರ ಕೆನಾನ್ ಕಾನೂನು ಸಂಹಿತೆಯ 249ನೆಯ ವಿಧಿಯು ಒಂದು ಹೆಜ್ಜೆ ಮುಂದೆ ಹೋಗಿ, ಮಾತೃಭಾಷೆಯನ್ನು ಶ್ರದ್ಧೆಯಿಂದ ಕಲಿಸುವುದರ ಜೊತೆಯಲ್ಲೇ ಲ್ಯಾಟಿನ್ ಅನ್ನೂ ಚೆನ್ನಾಗಿ ಅರಿಯುವಂತೆ ಮಾಡಬೇಕೆಂದು ವಿಧಿಸುತ್ತದೆ. ಎರಡು ಭಾಷೆಗಳ ಈ ಜೋಡಣೆಗೆ ಮುಂದೆ ಮರಳುತ್ತೇನೆ.

ಸೀಸರನನ್ನೇ ಆರಿಸಿಕೊಳ್ಳಲು ಕಾರಣ ಅವನ ಗದ್ಯದ ತಿಳಿತನ. ಅಪರೂಪದ, ಬಳಕೆ ತಪ್ಪಿದ ಪದವನ್ನು ನಾವಿಕನು ಬಂಡೆಯನ್ನು ದೂರವಿಡುವಂತೆ ದೂರವಿಡಬೇಕೆಂಬುದು ಅವನ ಮತ. ರಾಜಕೀಯದಲ್ಲಿ ಅವನೊಡನೆ ಒಮ್ಮತವಿಲ್ಲದ ಸಿಸೆರೊ ಕೂಡ ಆ ವೃತ್ತಾಂತದ ನಿರಾಡಂಬರ ಶೈಲಿಯನ್ನು ಮೆಚ್ಚಿದನು. ಪದಗಳು ಸೀಮಿತ, ವಾಕ್ಯರಚನೆ ಕ್ರಮಬದ್ಧ. ಪರೋಕ್ಷ ಭಾಷಣವೂ ನಮ್ಮ ಸಂಸ್ಕೃತದ ಸತಿಸಪ್ತಮಿಯನ್ನು ಹೋಲುವ ಪಂಚಮೀ ವಿಭಕ್ತಿಯ ಸ್ವತಂತ್ರ ರಚನೆಯೂ ಪುಟಪುಟದಲ್ಲಿ ಬರುತ್ತವೆ. ಪರೀಕ್ಷಕನಿಗೆ ಬೇಕಾದುದೂ ಅದೇ.

ದೈವಶಾಸ್ತ್ರದ ವಿದ್ಯಾರ್ಥಿಗೆ ಇನ್ನೊಂದು ಲಾಭವಿದೆ. ನಾವು ‘ಸಂಸ್ಕಾರ’ ಎಂದು ಕರೆಯುವುದಕ್ಕೆ ಲ್ಯಾಟಿನ್ ಧರ್ಮಸಭೆ ಬಳಸಿದ ‘ಸಾಕ್ರಮೆಂತುಮ್’ ಎಂಬ ಪದಕ್ಕೆ ರೋಮನ್ ಸೈನಿಕನ ಪ್ರತಿಜ್ಞೆ ಎಂಬ ಅರ್ಥವೂ ಇತ್ತು. ಕಾರ್ಥೇಜಿನ ತೆರ್ತುಲ್ಲಿಯನ್, ಸೆರೆಯಲ್ಲಿದ್ದ ವಿಶ್ವಾಸಿಗಳಿಗೆ ಬರೆಯುತ್ತಾ, ಅವರು ಆ ಪ್ರತಿಜ್ಞೆಯ ನುಡಿಗೆ ಓಗೊಟ್ಟಾಗಲೇ ಜೀವಂತ ದೇವರ ಸೇನೆಗೆ ಸೇರಿದರೆಂದು ನೆನಪಿಸಿದನು. ಅದೇ ತೆರ್ತುಲ್ಲಿಯನ್ ಮುಂದೆ, ದೇವರಿಗೆ ಕೊಟ್ಟ ಪ್ರತಿಜ್ಞೆಯ ಮೇಲೆ ಮನುಷ್ಯನಿಗೆ ಇನ್ನೊಂದು ಪ್ರತಿಜ್ಞೆ ಕೊಡುವುದು ಯುಕ್ತವೇ ಎಂದು ಪ್ರಶ್ನಿಸಿದನು. ಪಾಳೆಯದ ಮಾತನ್ನು ಧರ್ಮಸಭೆ ಎರವಲು ಪಡೆದಾಗಲೇ ಅದರೊಡನೆ ವಾದವನ್ನೂ ಹೂಡಿತ್ತೆಂಬುದನ್ನು ಇದು ತೋರಿಸುತ್ತದೆ.

ಆ ವಾದ ಏಕೆ ಅಗತ್ಯವೆಂಬುದು ವೃತ್ತಾಂತದ ಏಳನೆಯ ಸಂಪುಟದಲ್ಲಿ ಕಾಣುತ್ತದೆ. ಕ್ರಿ.ಪೂ. 52ರಲ್ಲಿ ಸೀಸರನು ಗಾಲರ ನಾಯಕ ವೆರ್ಸಿಂಜೆಟೊರಿಕ್ಸನನ್ನು ಅಲೇಸಿಯಾ ಎಂಬ ಬೆಟ್ಟದ ಪಟ್ಟಣದಲ್ಲಿ ಮುತ್ತಿದನು. ಒಳಗೆ 80,000 ಯೋಧರಿದ್ದರು, 30 ದಿನಗಳಿಗೆ ಸಾಲುವಷ್ಟು ಮಾತ್ರ ಧಾನ್ಯವಿತ್ತು ಎಂದು ಅವನೇ ಬರೆಯುತ್ತಾನೆ. ಆಹಾರ ಮುಗಿದಾಗ ಕ್ರಿಟೊಗ್ನಾಟಸ್ ಎಂಬ ಮುಖಂಡನು, ಯುದ್ಧಕ್ಕೆ ಒದಗದವರ ಮಾಂಸವನ್ನು ತಿಂದಾದರೂ ಜೀವ ಹಿಡಿಯೋಣವೆಂದು ಸಲಹೆ ಕೊಟ್ಟನು. ಆ ಭಾಷಣವನ್ನು ಸೀಸರನು ವಿಸ್ತಾರವಾಗಿ ದಾಖಲಿಸಿ, ಅದರ ಅಸಾಮಾನ್ಯ ಕ್ರೌರ್ಯವನ್ನು ಸ್ಪಷ್ಟ ಮಾತಿನಲ್ಲಿ ಖಂಡಿಸುತ್ತಾನೆ.

ಮರು ಅಧ್ಯಾಯದ ಕಥೆ ಹೀಗಿದೆ. ಸೇನೆಗೆ ಪಟ್ಟಣದಲ್ಲಿ ಆಶ್ರಯ ಕೊಟ್ಟಿದ್ದ ಮಂಡೂಬಿ ಜನರನ್ನು, ಅವರ ಹೆಂಡಿರು ಮಕ್ಕಳೊಡನೆ, ಅದೇ ಸೇನೆ ಹೊರಗಟ್ಟಿತು. ಅವರು ರೋಮನ್ ಕೋಟೆಸಾಲಿನ ಬಳಿ ಬಂದು, ತಮ್ಮನ್ನು ಗುಲಾಮರಾಗಿಯಾದರೂ ಸೇರಿಸಿಕೊಂಡು ಅನ್ನ ಕೊಡಿರೆಂದು ಅತ್ತು ಬೇಡಿದರು. ಸೀಸರನು ಕಾವಲಿಟ್ಟು ಅವರನ್ನು ತಡೆದನು. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ. ಮುಂದಿನದು ಗಾಲರ ನೆರವಿನ ಸೇನೆಯ ಆಗಮನಕ್ಕೆ ಹೊರಳುತ್ತದೆ. ಆ ಜನರು ಎರಡು ಸಾಲುಗಳ ನಡುವೆ ದಾರುಣವಾಗಿ ಸತ್ತರೆಂಬುದನ್ನು ನಾವು ತಿಳಿಯುವುದು ಎಷ್ಟೋ ಕಾಲದ ನಂತರ ಬರೆದ ಡಿಯೊ ಕ್ಯಾಸಿಯಸ್‌ನಿಂದ.

ವ್ಯಾಕರಣ ಇಲ್ಲಿ ನೀತಿಯ ಪ್ರಶ್ನೆಯಾಗುತ್ತದೆ. ಶತ್ರುವಿನ ಸಲಹೆಗೆ ಕಠೋರ ವಿಶೇಷಣಗಳಿವೆ. ಸ್ವಂತ ಕೃತ್ಯಕ್ಕೆ ಒಂದೂ ಇಲ್ಲ. ಕಾವಲಿಟ್ಟದ್ದು ಪಂಚಮೀ ರಚನೆಯಲ್ಲಿ ಅಡಗಿದೆ. ಆ ರಚನೆ ಇಟ್ಟವನು ಯಾರೆಂದು ಹೇಳಬೇಕಾಗಿಲ್ಲ. ಸೇರಿಸಿಕೊಳ್ಳುವ ಮಾತು ಕರ್ಮಣಿಯಲ್ಲಿದೆ. ತಡೆದ ಕ್ರಿಯಾಪದ ಮಾತ್ರ ಕ್ರಿಯೆ ಮುಂದುವರಿಯುತ್ತಿದ್ದುದನ್ನು ಸೂಚಿಸುವ ಭೂತಕಾಲದಲ್ಲಿದೆ: ಅವನು ತಡೆಯುತ್ತಲೇ ಇದ್ದನು. ಇದನ್ನು ಕನ್ನಡಕ್ಕೆ ತರುವವನು ‘ಇಟ್ಟು’ ಎಂದು ಬರೆದ ಕೂಡಲೇ, ಇಟ್ಟವನೂ ತಡೆದವನೂ ಒಬ್ಬನೇ ಎಂಬುದು ಬಯಲಾಗುತ್ತದೆ. ನಮ್ಮ ಕೃದಂತವು ಸಾಮಾನ್ಯವಾಗಿ ಬೇರೆ ಕರ್ತೃವನ್ನು ಒಪ್ಪುವುದಿಲ್ಲ. 249ನೆಯ ವಿಧಿ ಮಾತೃಭಾಷೆಯನ್ನೂ ಲ್ಯಾಟಿನ್ ಅನ್ನೂ ಜೊತೆಗೂಡಿಸಿದ್ದರ ಒಂದು ಫಲವನ್ನು ಇಲ್ಲಿ ಕಾಣಬಹುದು. ಅನುವಾದವು ಅಂಕ ಗಳಿಸುವ ಕಸರತ್ತಷ್ಟೇ ಅಲ್ಲ, ಕರ್ತೃವನ್ನು ಹುಡುಕುವ ಕೆಲಸವೂ ಹೌದು.

ಸಂತ ಅಗಸ್ಟೀನರು ರೋಮಿನ ಇತಿಹಾಸಕಾರರನ್ನು ಓದಿದ್ದು ಈ ರೀತಿಯಲ್ಲೇ. 410ರಲ್ಲಿ ರೋಮ್ ಲೂಟಿಗೊಳಗಾದಾಗ ಎದ್ದ ಆಪಾದನೆಗಳಿಗೆ ‘ದೇವನಗರ’ದಲ್ಲಿ ಉತ್ತರಿಸುತ್ತಾ, ಸೋತ ಪಟ್ಟಣಗಳಿಗೆ ಯುದ್ಧಪದ್ಧತಿಯಂತೆ ಒದಗುತ್ತಿದ್ದ ಗತಿಗೆ ಅವರು ಸಾಲಸ್ಟನನ್ನೇ ಸಾಕ್ಷಿಗೆ ಕರೆದರು. ಅವರು ಹಳೆಯ ಗ್ರಂಥವನ್ನು ಎಸೆಯಲಿಲ್ಲ, ಅದಕ್ಕೆ ತಲೆಬಾಗಲೂ ಇಲ್ಲ.

ಅದೇ ಗಾಲಿನಲ್ಲಿ, ಅದೇ ಭಾಷೆಯಲ್ಲಿ, ಸುಮಾರು ನಾಲ್ಕೂವರೆ ಶತಮಾನಗಳ ತರುವಾಯ ಇನ್ನೊಬ್ಬ ಸೈನಿಕನ ಕಥೆ ಬರೆಯಲಾಯಿತು. ಸಾಲಸ್ಟನ ಗದ್ಯದಲ್ಲಿ ಪಳಗಿದ್ದ ಸುಲ್ಪೀಸಿಯಸ್ ಸೆವೆರಸ್, ಟೂರ್ಸಿನ ಸಂತ ಮಾರ್ಟಿನರ ಚರಿತ್ರೆಯನ್ನು ರಚಿಸಿದನು. ಅಮಿಯೆನ್ಸ್ ಪಟ್ಟಣದ ಬಾಗಿಲಲ್ಲಿ ಚಳಿಗೆ ನಡುಗುತ್ತಿದ್ದ ಭಿಕ್ಷುಕನನ್ನು ಕಂಡ ಯುವಸೈನಿಕನು ಕತ್ತಿಯಿಂದ ತನ್ನ ನಿಲುವಂಗಿಯನ್ನು ಸೀಳಿ ಅರ್ಧವನ್ನು ಕೊಟ್ಟನೆಂದು ಅದು ಹೇಳುತ್ತದೆ. ಅಮಿಯೆನ್ಸಿಗೂ ಟೂರ್ಸಿಗೂ ಹೆಸರು ಕೊಟ್ಟ ಬುಡಕಟ್ಟುಗಳೆರಡೂ ಅಲೇಸಿಯಾದ ನೆರವಿಗೆ ಪಡೆ ಕಳುಹಿಸಬೇಕಾದವರ ಪಟ್ಟಿಯಲ್ಲಿವೆ. ಒಂದು ಕಥನದಲ್ಲಿ ಬೇಡುವವರನ್ನು ತಡೆಯಲು ಕಾವಲು. ಇನ್ನೊಂದರಲ್ಲಿ ಬೇಡುವವನ ಮುಂದೆ ನಿಂತ ಸೈನಿಕ. ಭಾಷೆ ಬದಲಾಗಲಿಲ್ಲ, ನೋಡುವ ಕಣ್ಣು ಬದಲಾಯಿತು.

ಆದ್ದರಿಂದ ಪರೀಕ್ಷೆಗೆ ಸಿದ್ಧರಾಗುವವರು ಸೀಸರನನ್ನು ಬಿಡಬೇಕಾಗಿಲ್ಲ. ಏಳನೆಯ ಸಂಪುಟದ 77 ಮತ್ತು 78ನೆಯ ಅಧ್ಯಾಯಗಳನ್ನು ಒಟ್ಟಿಗೆ ಓದಿ, ಪ್ರತಿ ಕ್ರಿಯಾಪದದ ಕರ್ತೃವನ್ನು ಗುರುತಿಸಿ, ಕನ್ನಡದಲ್ಲಿ ಬರೆದು ನೋಡಲಿ. ಬಳಿಕ ಮಾರ್ಟಿನರ ಚರಿತ್ರೆಯ ಮೂರನೆಯ ಅಧ್ಯಾಯವನ್ನು ತೆರೆಯಲಿ. ಪರೀಕ್ಷಕನು ವಿಭಕ್ತಿಯನ್ನಷ್ಟೇ ಕೇಳಬಹುದು. ಆದರೆ ಮುಂದೆ ಗುರುವಾಗಿ ವರದಿ, ಸುತ್ತೋಲೆ, ಆಜ್ಞೆಗಳನ್ನು ಓದುವಾಗ, ಅಚ್ಚುಕಟ್ಟಾದ ವಾಕ್ಯವೊಂದರ ಹೊರಗೆ ನಿಂತು ಅಳುತ್ತಿರುವವರು ಯಾರೆಂದು ಕೇಳುವ ಅಭ್ಯಾಸ ಅವನಲ್ಲಿ ಉಳಿದಿರುತ್ತದೆ.