ಹಾನಗಲ್ ಸೀಮೆಯಲ್ಲಿ ವೃದ್ಧಾಪ್ಯ ವೇತನ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ವೃದ್ಧಾಪ್ಯ ವೇತನವನ್ನು ‘ಪಗಾರ’ ಎನ್ನುತ್ತಾರೆ. ಭತ್ತದ ಗದ್ದೆಯಲ್ಲಿ, ಸವಣೂರಿನ ಎಲೆಬಳ್ಳಿ ತೋಟಗಳಲ್ಲಿ ದಿನಗೂಲಿ ಮಾಡುತ್ತಲೇ ಮುಪ್ಪಾದವರಿಗೆ ತಿಂಗಳಿಗೊಮ್ಮೆ ಗೊತ್ತಾದ ಹಣ ಕೈಸೇರುವುದು ಆಯುಷ್ಯದಲ್ಲಿ ಇದೇ ಮೊದಲು. ಆ ಹೆಸರಿಗೆ ಅಷ್ಟು ತೂಕವಿದೆ.

ಮೊದಲೆಲ್ಲ ಮುಪ್ಪಿನ ಆಸರೆಯೆಂದರೆ ಹೊಲ ಮತ್ತು ಮಕ್ಕಳು. ವಾಟ್ನಿ (ಆಸ್ತಿ ಪಾಲು) ಆಗುವಾಗ ತಂದೆ-ತಾಯಿ ಜೀವನಾಂಶಕ್ಕೆಂದು ತುಸು ಜಮೀನು ಉಳಿಸಿಕೊಳ್ಳುತ್ತಿದ್ದರು. ಹೊಲವಿಲ್ಲದವರು ಕೈಕಾಲು ಗಟ್ಟಿಯಿರುವತನಕ ದುಡಿಯಬೇಕಿತ್ತು. ಆಮೇಲೆ ಮಠದ ದಾಸೋಹ.

ಉತ್ತರ ಪ್ರದೇಶ 1957ರಲ್ಲಿ ವೃದ್ಧಾಪ್ಯ ವೇತನ ಆರಂಭಿಸಿತು. ಮೈಸೂರು ರಾಜ್ಯಕ್ಕೆ ಅದು 1960ರ ದಶಕದಲ್ಲಿ ಬಂತು; ಈ ತಾಲ್ಲೂಕುಗಳು ಆಗ ಧಾರವಾಡ ಜಿಲ್ಲೆಯಲ್ಲಿದ್ದವು. 1995ರ ಆಗಸ್ಟ್ 15ರಿಂದ ಕೇಂದ್ರ ಸರ್ಕಾರ 65 ದಾಟಿದ ನಿರ್ಗತಿಕರಿಗೆ ತಿಂಗಳಿಗೆ 75 ರೂಪಾಯಿ ಕೊಡತೊಡಗಿತು. ಮನೆಯವರ ಆಸರೆ ಇಲ್ಲದವರಿಗಷ್ಟೇ ಆ ಹಣ. ಹೆತ್ತ ಮಗ ಅನ್ನ ಹಾಕುವುದಿಲ್ಲವೆಂದು ತಾಯಿಯೇ ಬಾಯಿಬಿಟ್ಟು ಹೇಳಬೇಕಿದ್ದ ಆ ಷರತ್ತು ಕ್ರೂರವಾಗಿತ್ತು. 2007ರಲ್ಲಿ ಯೋಜನೆಗೆ ಇಂದಿರಾ ಗಾಂಧಿ ಹೆಸರು ಬಂತು, 2011ರಲ್ಲಿ ವಯಸ್ಸು 60ಕ್ಕೆ ಇಳಿಯಿತು. 80 ತುಂಬದವರಿಗೆ ಕೇಂದ್ರದ ಪಾಲು ಮಾತ್ರ 200 ರೂಪಾಯಿಗೇ ನಿಂತುಬಿಟ್ಟಿದೆ.

ಹೆಚ್ಚಿನ ಭಾರ ಹೊತ್ತದ್ದು ರಾಜ್ಯ. ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರಂಥವರಿಗಾಗಿ 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ 400 ರೂಪಾಯಿಯಿಂದ ಶುರುವಾಯಿತು. 2021ರ ಜುಲೈ 28ರಂದು ಮುಖ್ಯಮಂತ್ರಿಯಾದ ಆಗಿನ ಶಿಗ್ಗಾವಿ ಶಾಸಕ ಬಸವರಾಜ ಬೊಮ್ಮಾಯಿ, ಅದನ್ನು ಅಂದೇ 1000ದಿಂದ 1200 ರೂಪಾಯಿಗೆ ಏರಿಸುವುದಾಗಿ ಪ್ರಕಟಿಸಿದರು.

2007ರಲ್ಲೇ ಬಂದ ಪಾಲಕರ ಪೋಷಣೆ ಮತ್ತು ಹಿರಿಯ ನಾಗರಿಕರ ಕಾಯ್ದೆ, ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟ ಮಕ್ಕಳಿಂದ ಅದನ್ನು ಮರಳಿ ಪಡೆಯುವ ದಾರಿ ತೆರೆದಿದೆ. ದೂರು ಕೇಳುವವರು ಉಪವಿಭಾಗಾಧಿಕಾರಿ. ಮಗನ ಮೇಲೆ ಕಾಗದ ಕೊಡಲು ಹಳ್ಳಿಯ ಮುದುಕರಿಗೆ ಮನಸ್ಸು ಬರುವುದು ಸುಲಭವಲ್ಲ.

ಮೊದಲು ಪಗಾರ ಮನಿಆರ್ಡರಿನಲ್ಲಿ ಬರುತ್ತಿತ್ತು. ಅಂಚೆಯಣ್ಣ ಕಟ್ಟೆಗೆ ಬಂದು ಎಣಿಸಿ ಕೊಡುತ್ತಿದ್ದ. ಈಗ ನೇರ ಖಾತೆಗೆ ಜಮೆ, ಆಧಾರ್ ಜೋಡಿಸಿದ ಯಂತ್ರಕ್ಕೆ ಹೆಬ್ಬೆಟ್ಟು. ಕಳೆ ಕಿತ್ತು ಗೆರೆ ಸವೆದ ಬೆರಳು ಅಲ್ಲಿ ಒಮ್ಮೆಗೇ ಹತ್ತುವುದಿಲ್ಲ. ಸೆರಗಿಗೆ ಒರೆಸಿ, ಇನ್ನೊಂದು ಬೆರಳಿಟ್ಟು, ಮತ್ತೆ ಒತ್ತಬೇಕು. ಹಣ ಕೈಗೆ ಬಂದರೆ ಮೊದಲು ಬಿಪಿ ಗುಳಿಗೆ, ಆಮೇಲೆ ಎಲೆ-ಅಡಿಕೆ, ಉಳಿದರೆ ಮೊಮ್ಮಗನ ಕೈಗೆ ಹತ್ತು ರೂಪಾಯಿ.